ಹೇಳದೆ ಕೇಳದೆ ಮನೆ ಖಾಲಿ ಮಾಡಿದ ಎರೆಹುಳುಗಳಿಗೆ

ಇವರಿಗೆ,
ಸಮಸ್ತ ಎರೆಹುಳುಗಳು,
ಗೊಬ್ಬರದ ತೊಟ್ಟಿ (ಸದ್ಯಕ್ಕೆ ಬೀಗಮುದ್ರೆ),
ಪಂಪ್ ರೂಮಿನ ಮಗ್ಗುಲು, ಹಿಂಬದಿ ಕಾಂಪೌಂಡು.

ಮಾನ್ಯರೇ,

ಮಣ್ಣಿನೊಳಗಿರುವ ತಮ್ಮೆಲ್ಲರಿಗೂ, ಇನ್ನೂ ಕೆಲವು ಕಾಲ ಮಣ್ಣಿನ ಮೇಲೆಯೇ ಇರಬೇಕೆಂದುಕೊಂಡಿರುವ ನನ್ನ ಗೌರವಪೂರ್ವಕ ನಮಸ್ಕಾರಗಳು. ತಮಗೆ ಕೈಗಳಿಲ್ಲವಾದ್ದರಿಂದ ಪ್ರತಿನಮಸ್ಕಾರವನ್ನು ನಾನು ನಿರೀಕ್ಷಿಸುವುದಿಲ್ಲ. ಕಣ್ಣುಗಳೂ ಇಲ್ಲವಾದ್ದರಿಂದ ಈ ಪತ್ರವನ್ನು ತಾವು ಓದುತ್ತೀರೆಂಬ ಭ್ರಮೆಯೂ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಕಳೆದ ಮೂರು ವರ್ಷಗಳಲ್ಲಿ ನಮ್ಮ ಕಟ್ಟಡದ ನಿವಾಸಿಗಳಿಗೆ ನಾನು ಬರೆದ ಸುತ್ತೋಲೆಗಳನ್ನು ಎರಡೆರಡು ಕಣ್ಣುಗಳುಳ್ಳವರೂ ಓದಿಲ್ಲವಾದ ಕಾರಣ, ಈ ವಿಷಯದಲ್ಲಿ ತಮಗೂ ಅವರಿಗೂ ನಾನು ಭೇದವೆಣಿಸಲಾರೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಕಳೆದ ತಿಂಗಳ ಮಾಸಿಕ ಸಭೆಯಲ್ಲಿ, ಇಪ್ಪತ್ನಾಲ್ಕು ಮನೆಗಳವರ ಎದುರಿಗೆ, ಗಂಟಲು ಸರಿಮಾಡಿಕೊಂಡು, ‘ನಮ್ಮ ತೊಟ್ಟಿಯಲ್ಲಿ ಇಂದಿಗೆ ಎರಡು ಸಾವಿರ ಎರೆಹುಳುಗಳು ಕ್ಷೇಮವಾಗಿವೆ’ ಎಂದು ನಾನು ವರದಿ ಮಂಡಿಸಿದೆ. ಇದು ಅಪ್ಪಟ ಸುಳ್ಳು. ಅಂದು ಬೆಳಿಗ್ಗೆ ನಾನು ಎಣಿಸಿದಾಗ ಕಂಡದ್ದು ಎರಡೇ ಎರಡು. ಆ ಎರಡರಲ್ಲಿ ಒಂದು ರಬ್ಬರ್ ಬ್ಯಾಂಡ್. ಇನ್ನೊಂದು ಅಲುಗಾಡಿದಂತೆ ಕಂಡದ್ದರಿಂದ ಅದನ್ನು ತಮ್ಮವರೆಂದೇ ಲೆಕ್ಕಕ್ಕೆ ಹಿಡಿದೆ, ಹೆಚ್ಚು ಬಗ್ಗಿ ನೋಡಲಿಲ್ಲ. ಎರಡರ ಮಗ್ಗುಲಿಗೆ ಮೂರು ಸೊನ್ನೆ ಸೇರಿಸಿದ್ದಷ್ಟೇ ನನ್ನ ಅಪರಾಧ. ಸೊನ್ನೆಗೆ ಬೆಲೆಯಿಲ್ಲವೆಂದು ಚಿಕ್ಕಂದಿನಲ್ಲಿ ಹೇಳಿಕೊಟ್ಟ ಗಣಿತದ ಮೇಷ್ಟ್ರು ಇದಕ್ಕೆ ಅರ್ಧ ಹೊಣೆ ಹೊರಬೇಕು.

ಇಂಥ ಸುಳ್ಳು ಹೇಳುವ ಗತಿ ನನಗೇಕೆ ಬಂತೆಂಬುದನ್ನು ತಾವು ದಯಮಾಡಿ ತಿಳಿಯಬೇಕು. ನಮ್ಮ ಕಟ್ಟಡದ ಸುತ್ತ ಸಿಮೆಂಟು ಮೆತ್ತದ ನೆಲ ಉಳಿದಿರುವುದು ಒಂದೇ ಕಡೆ. ಅದು ಹಿಂಬದಿ ಗೋಡೆಗೂ ಪಂಪ್ ರೂಮಿಗೂ ನಡುವೆ, ಉದ್ದಕ್ಕೆ ಹದಿನಾಲ್ಕು ಹೆಜ್ಜೆ, ಅಡ್ಡಕ್ಕೆ ಆರು ಹೆಜ್ಜೆ. ಆ ನೆಲದ ಮೇಲೆ ಒಂದು ಸೀಬೆ ಮರವಿದೆ, ಯಾರದೆಂದು ಯಾರೂ ಒಪ್ಪಿಕೊಳ್ಳದ ಒಂದು ಮುರುಕು ಸೈಕಲ್ಲಿದೆ, ಮಧ್ಯಾಹ್ನದ ಹೊತ್ತು ಡಬ್ಬಿ ಬಿಚ್ಚಿ ಊಟಕ್ಕೆ ಕೂರುವ, ನಮ್ಮ ಮೆಟ್ಟಿಲು ಗುಡಿಸುವ ಅಕ್ಕ ಇರುತ್ತಾರೆ. ಮಳೆ ಬಂದರೆ ನಮ್ಮ ಇಡೀ ಆವರಣದಲ್ಲಿ ನೀರು ಇಂಗುವುದು ಅಲ್ಲೊಂದೇ ಕಡೆ. ಉಳಿದ ಕಡೆಯೆಲ್ಲ ಅದು ಗೇಟಿನವರೆಗೆ ಓಡಿಹೋಗಿ, ರಸ್ತೆಯ ಮೇಲೆ ನಿಂತು, ನಮ್ಮ ಪ್ಯಾಂಟಿನ ಕಾಲುಗಳಿಗೆ ಅಂಟಿಕೊಂಡು ಮನೆಗೆ ವಾಪಸು ಬರುತ್ತದೆ.

ಈ ನೆಲದ ಮೇಲೆ ಎರಡನೇ ಮಹಡಿಯ ಸಾಹೇಬರ ಕಣ್ಣು ಬಿತ್ತು. ಅವರಿಗೆ ಎರಡು ಕಾರುಗಳಿವೆ, ಒಂದು ಓಡಾಡುವುದಕ್ಕೆ, ಇನ್ನೊಂದು ಒರೆಸುವುದಕ್ಕೆ. ಆದ್ದರಿಂದಲೇ ನಾವೆಲ್ಲ ಅವರನ್ನು ಬೆನ್ನ ಹಿಂದೆ ಜೋಡಿ ಕಾರಿನ ಸಾಹೇಬರೆಂದೂ ಮುಖದ ಎದುರಿಗೆ ಬರೀ ಸಾಹೇಬರೆಂದೂ ಕರೆಯುತ್ತೇವೆ. ಒರೆಸುವ ಕಾರಿಗೆ ನೆರಳು ಸಾಲದೆಂದೂ, ಹಿಂಬದಿಯ ‘ಪಾಳು ಜಾಗ’ಕ್ಕೆ ಟೈಲ್ಸ್ ಹಾಸಿ ಪಾರ್ಕಿಂಗ್ ಮಾಡಬೇಕೆಂದೂ ಅವರು ಸಭೆಯಲ್ಲಿ ಸಲಹೆ ಇಟ್ಟಾಗ ಎಲ್ಲರೂ ಮೊಬೈಲ್ ನೋಡಿಕೊಂಡು ತಲೆಯಾಡಿಸಿದರು. ನಾನೊಬ್ಬ ಎದ್ದು ನಿಂತೆ. ಈಗಲೂ ಯೋಚಿಸುತ್ತೇನೆ, ಆ ದಿನ ಮಂಡಿನೋವಾದರೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು. ಆದರೆ ಆ ಹದಿನಾಲ್ಕು ಹೆಜ್ಜೆ ಮಣ್ಣು ಹೋಗುತ್ತದೆಂದಾಗ ನನಗೆ ನಿಜಕ್ಕೂ ತಡೆಯಲಾಗಲಿಲ್ಲ. ಆ ಅವಸರದಲ್ಲಿ ಬಾಯಿಗೆ ಬಂದದ್ದು ತಮ್ಮ ಹೆಸರು. ‘ಅಲ್ಲಿ ಎರೆಹುಳು ಸಾಕೋಣ, ಇಡೀ ಕಟ್ಟಡದ ಹಸಿ ಕಸ ಅಲ್ಲೇ ಗೊಬ್ಬರವಾಗಲಿ, ನಾನು ನೋಡಿಕೊಳ್ಳುತ್ತೇನೆ’ ಎಂದುಬಿಟ್ಟೆ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು (ಅವರು ಏನನ್ನಾದರೂ ಒರೆಸುತ್ತಲೇ ಇರುತ್ತಾರೆ), ‘ಆಗ್ಲಿ ಸಂಚಾಲಕರೇ, ಮೂರು ತಿಂಗಳು ಟೈಮು. ಕೊನೇ ಭಾನುವಾರ ಜೀವಂತ ಹುಳ, ಕಪ್ಪು ಗೊಬ್ಬರ, ಎರಡೂ ಎಲ್ಲರ ಮುಂದೆ ತೋರಿಸಿ. ಇಲ್ಲಾಂದ್ರೆ ಸೋಮವಾರ ಟೈಲ್ಸು’ ಎಂದರು. ಹೀಗೆ ಷರತ್ತು ಹಾಕಿದವರು ಅವರು, ಒಪ್ಪಿಕೊಂಡವನು ನಾನು, ದುಡಿಯಬೇಕಾದವರು ತಾವು. ಸಮಿತಿಗಳು ಹುಟ್ಟುವುದು ಹೀಗೆಯೇ. ನಮ್ಮದಕ್ಕೆ ಹಸಿರು ಸಮಿತಿಯೆಂದು ಹೆಸರಾಯಿತು, ಅದರ ಸಂಚಾಲಕ, ಸದಸ್ಯ, ಕೋರಂ ಎಲ್ಲವೂ ನಾನೇ ಆದೆ. ಮನೆಗೆ ಬಂದು ಈ ಶುಭ ಸಮಾಚಾರ ತಿಳಿಸಿದಾಗ ನನ್ನ ಹೆಂಡತಿ ಬಟ್ಟೆ ಮಡಿಸುತ್ತಿದ್ದವಳು ತಲೆಯನ್ನೂ ಎತ್ತದೆ, ‘ತಲೆಗೆ ಹುಳ ಬಿಟ್ಕೊಂಡಿದ್ದು ಸಾಲ್ದು ಅಂತ ಹಿತ್ತಲಿಗೂ ಬಿಡ್ತೀರಾ?’ ಎಂದಳು.

ತಮ್ಮ ಆಗಮನದ ದಿನವನ್ನು ತಾವು ಮರೆತಿರಲಾರಿರಿ. ಒದ್ದೆ ಗೋಣಿಚೀಲದಲ್ಲಿ ತಮ್ಮನ್ನು ಆಟೋದಲ್ಲಿ ಕರೆತಂದೆ. ನಾನು ಮುಂದೆ ಡ್ರೈವರನ ಮಗ್ಗುಲಲ್ಲಿ ಒತ್ತಿಕೊಂಡು ಕುಳಿತು, ಹಿಂದಿನ ಇಡೀ ಸೀಟನ್ನು ತಮಗೆ ಬಿಟ್ಟುಕೊಟ್ಟಿದ್ದೆ. ತಮಗಾಗಿ ಇಟ್ಟಿಗೆಯ ತೊಟ್ಟಿ, ತಗಡಿನ ಚಾವಣಿ, ಇರುವೆ ಬಾರದಂತೆ ಸುತ್ತ ನೀರಿನ ಕಾಲುವೆ, ಗಾಳಿಗೆ ಕಿಂಡಿ ಎಲ್ಲವನ್ನೂ ಸಿದ್ಧಪಡಿಸಿ, ‘ಎರೆಹುಳು ನಿವಾಸ’ ಎಂಬ ಬೋರ್ಡನ್ನೂ ತೂಗುಹಾಕಿದ್ದೆ. ನನ್ನ ಸ್ವಂತ ಮನೆಯ ಬಾಗಿಲಿಗೆ ಇವತ್ತಿಗೂ ಹೆಸರಿನ ಬೋರ್ಡಿಲ್ಲ. ತಮ್ಮನ್ನು ತೊಟ್ಟಿಗೆ ಇಳಿಸುವ ಮುನ್ನ ನಾನು ಮಾಡಿದ ಹನ್ನೆರಡು ನಿಮಿಷದ ಸ್ವಾಗತ ಭಾಷಣಕ್ಕೆ ಎದ್ದುಹೋಗದೆ ಕೊನೆಯವರೆಗೂ ಇದ್ದವರು ತಾವು ಮಾತ್ರ. ಚೀಲದ ಬಾಯಿ ಕಟ್ಟಿತ್ತೆಂಬುದನ್ನು ನಾನು ಬಲ್ಲೆ, ಆದರೂ ಕೃತಜ್ಞ.

ಇನ್ನು ನನ್ನ ದೂರಿಗೆ ಬರುತ್ತೇನೆ. ಇಷ್ಟೆಲ್ಲ ಸೌಕರ್ಯ ಪಡೆದ ತಾವು, ಒಂದು ಮಾತು ಹೇಳದೆ, ಒಂದು ಚೀಟಿ ಬರೆದಿಡದೆ, ಆರನೇ ವಾರದ ಹೊತ್ತಿಗೆ ಮನೆ ಖಾಲಿ ಮಾಡಿಕೊಂಡು ಹೋಗಿಬಿಟ್ಟಿರಿ. ಬಾಡಿಗೆದಾರರು ಹೀಗೆ ಮಾಡಿದರೆ ಗೋಡೆಗೆ ಹೊಡೆದ ಮೊಳೆಗಳಾದರೂ ಉಳಿದಿರುತ್ತವೆ, ತಾವು ಒಂದು ಗುರುತನ್ನೂ ಬಿಡಲಿಲ್ಲ. ಮೊದಲು ಕಾಗೆಗಳನ್ನು ಅನುಮಾನಿಸಿದೆ. ಆಮೇಲೆ ಸಾಹೇಬರನ್ನು ಅನುಮಾನಿಸಿ, ಅವರು ಯಾವ ಭಾನುವಾರ ಗಾಳ ಹಾಕಲು ಕೆರೆಗೆ ಹೋಗುತ್ತಾರೆಂದು ಎರಡು ವಾರ ಕಾದೆ. ಅವರಿಗೆ ನೀರೆಂದರೆ ಕಾರು ತೊಳೆಯುವುದೊಂದೇ ಗೊತ್ತೆಂದು ತಿಳಿದು ಸುಮ್ಮನಾದೆ.

ಕೋಪದಲ್ಲಿಯೂ ನ್ಯಾಯ ಮರೆಯಬಾರದು. ತಮ್ಮಷ್ಟು ಸಭ್ಯ ನಿವಾಸಿಗಳು ಈ ಕಟ್ಟಡಕ್ಕೆ ಹಿಂದೆ ಬಂದಿರಲಿಲ್ಲ ಎಂಬುದನ್ನು ನಾನು ಲಿಖಿತವಾಗಿ ಒಪ್ಪುತ್ತೇನೆ. ತಾವು ಲಿಫ್ಟಿನ ಬಾಗಿಲಿಗೆ ಚಪ್ಪಲಿ ಅಡ್ಡವಿಟ್ಟು ಮಾತಿಗೆ ನಿಂತವರಲ್ಲ. ನೀರು ಬಂತೇ, ನೀರು ಹೋಯಿತೇ, ಯಾಕೆ ಬಂತು, ಯಾಕೆ ಹೋಯಿತು ಎಂದು ವಾಟ್ಸಾಪ್ ಗುಂಪಿನಲ್ಲಿ ಬೆಳಗಾಗೆದ್ದು ಕೇಳಿದವರಲ್ಲ. ಸಭೆಗೆ ಬಂದವರಲ್ಲ ನಿಜ, ಆದರೆ ಬಾರದೆಯೂ ನಿರ್ಣಯಕ್ಕೆ ತಕರಾರು ತೆಗೆದವರಲ್ಲ. ಬೆನ್ನೆಲುಬಿಲ್ಲ ಎಂಬುದೊಂದು ಕೊರತೆಯೆಂದರೆ, ಅದು ಸಭೆಗೆ ಬರುವವರಲ್ಲಿಯೂ ಇದೆ. ಟೈಲ್ಸಿಗೆ ತಲೆಯಾಡಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಂಥ ಸಜ್ಜನರು ನನ್ನನ್ನೇಕೆ ನಡುನೀರಿನಲ್ಲಿ, ಕ್ಷಮಿಸಿ, ನಡುಮಣ್ಣಿನಲ್ಲಿ ಕೈಬಿಟ್ಟರು ಎಂಬುದು ನನಗೆ ತಿಳಿಯದಾಯಿತು.

ಈಗ ತಿಳಿದಿದೆ. ತಿಳಿದದ್ದನ್ನು ಬರೆಯುವಾಗ ಪೆನ್ನು ಸ್ವಲ್ಪ ಅಡ್ಡಾದಿಡ್ಡಿ ಓಡುತ್ತಿದೆ, ಸಹಿಸಿಕೊಳ್ಳಬೇಕು.

ತಮ್ಮ ಊಟದ ಗುಣಮಟ್ಟ ಕಾಯುವ ಸಲುವಾಗಿ ನಾನೊಂದು ವ್ಯವಸ್ಥೆ ಮಾಡಿದ್ದೆ. ಪ್ರತಿ ಮನೆಗೂ ಒಂದು ಹಸಿ ಕಸದ ಬಕೆಟ್ಟು, ಬೆಳಿಗ್ಗೆ ಏಳಕ್ಕೆ ಎಲ್ಲ ಬಕೆಟ್ಟುಗಳೂ ಕೆಳಗೆ ಸಾಲಾಗಿ ನಿಲ್ಲಬೇಕು, ನಾನು ಒಂದೊಂದರ ಮುಚ್ಚಳ ತೆಗೆದು ಅಂಕ ಕೊಡಬೇಕು. ವಿಂಗಡಣೆಗೆ ಮೂರು, ನೋಟಕ್ಕೆ ಮೂರು, ವಾಸನೆಗೆ ನಾಲ್ಕು, ಒಟ್ಟು ಹತ್ತು. ಏಳರ ಮೇಲೆ ಬಂದವರಿಗೆ ಲಿಫ್ಟಿನ ಪಕ್ಕದ ಫಲಕದಲ್ಲಿ ಹಸಿರು ಕಾಗದದ ಎಲೆ, ಮೂರರ ಕೆಳಗೆ ಬಂದವರಿಗೆ ಕೆಂಪು ಎಲೆ. ಕೆಂಪು ಎಲೆಯವರ ಕಸ ತಮ್ಮ ತೊಟ್ಟಿಗೆ ನಿಷಿದ್ಧ, ಅದನ್ನು ಗುಡಿಸುವ ಅಕ್ಕ ಹೊರಗಿನ ಬೀದಿಯ ಡಬ್ಬಕ್ಕೆ ಒಯ್ದು ಹಾಕತಕ್ಕದ್ದು. ನನ್ನ ಮೂಗಿನ ಬಗ್ಗೆ ನನಗೆ ಮೊದಲಿನಿಂದಲೂ ಅಭಿಮಾನ. ಊರೆಲ್ಲ ತಮ್ಮ ತಮ್ಮ ಮೂಗಿನ ನೇರಕ್ಕೆ ಮಾತಾಡುವಾಗ, ನಾನೊಬ್ಬ ಅದರ ನೇರಕ್ಕೆ ಅಂಕ ಕೊಟ್ಟೆ.

ಕಸಕ್ಕೆ ಅಂಕ ಬರುತ್ತದೆಂದ ಮೇಲೆ ನಮ್ಮ ಜನ ಸುಮ್ಮನಿರುವವರೇ? ಶಾಲೆ ಬಿಟ್ಟು ಮೂವತ್ತು ವರ್ಷವಾದರೂ ಪಕ್ಕದವರಿಗಿಂತ ಒಂದು ಅಂಕ ಹೆಚ್ಚು ಬರಬೇಕೆಂಬ ಆಸೆ ಯಾರಿಗೂ ಸತ್ತಿರಲಿಲ್ಲ. ಮೊದಲ ವಾರ ಎಲ್ಲರೂ ಸಿಪ್ಪೆಗಳನ್ನು ನೀರಿನಲ್ಲಿ ಜಾಲಿಸಿ ತಂದರು, ಹಸಿರು ಎಲೆ ಕೊಟ್ಟೆ. ಎರಡನೇ ವಾರ ಪಾತ್ರೆ ತೊಳೆಯುವ ಸೋಪು ಬಂತು, ಅದಕ್ಕೂ ಕೊಟ್ಟೆ. ಮೊದಲ ಮಹಡಿಯ ಬ್ಯಾಂಕಿನ ಅತ್ತೆಯವರು ಬಕೆಟ್ಟಿನ ನಾಲ್ಕು ಮೂಲೆಗೆ ನಾಲ್ಕು ನುಸಿಗುಳಿಗೆ ಇಟ್ಟು ಕಳಿಸಿದರು. ಮುಚ್ಚಳ ತೆಗೆದರೆ ಅಜ್ಜಿಯ ಪೆಟ್ಟಿಗೆ ತೆಗೆದಂತಾಗಿ ನನಗೆ ಕಣ್ಣು ತುಂಬಿ ಬಂತು, ಹತ್ತಕ್ಕೆ ಹತ್ತು ಕೊಟ್ಟೆ. ಎದುರು ಮನೆಯ ಹಲ್ಲಿನ ಡಾಕ್ಟರು ಆಲೂಗಡ್ಡೆ ಸಿಪ್ಪೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಂದು, ‘ವೃತ್ತಾಕಾರವಾಗಿ ಉಜ್ಜಬೇಕು ಸಾರ್, ಆಗ್ಲೇ ಸಂದಿಯಲ್ಲಿರೋದು ಬರೋದು’ ಎಂದು ನನಗೇ ತಿಳಿಹೇಳಿದರು. ಅವರ ಬಕೆಟ್ಟಿನಿಂದ ಪುದೀನ ಪೇಸ್ಟಿನ ಪರಿಮಳ ಬರುತ್ತಿತ್ತು. ಮೂರನೇ ವಾರಕ್ಕೆ ಯಾರೋ ನೆಲ ಒರೆಸುವ ಗುಲಾಬಿ ಬಣ್ಣದ ದ್ರಾವಣವನ್ನು ಕೊನೆಯಲ್ಲಿ ಎರಡು ಮುಚ್ಚಳ ಸುರಿಯುವ ಉಪಾಯ ಕಂಡುಹಿಡಿದು, ಅದು ಮನೆಯಿಂದ ಮನೆಗೆ ಹಬ್ಬಿತು.

ನಮ್ಮ ಕಸ ಅಷ್ಟು ಚೆನ್ನಾಗಿತ್ತು ಮಾನ್ಯರೇ, ಎಷ್ಟೋ ಮನೆಗಳಲ್ಲಿ ಊಟಕ್ಕಿಂತ ಅದೇ ಶುಚಿಯಾಗಿತ್ತು. ಕಸ ತೊಳೆದು ತೊಳೆದು ಬೆಳಿಗ್ಗೆ ಒಂಬತ್ತಕ್ಕೆಲ್ಲ ಮೇಲಿನ ಟ್ಯಾಂಕು ಬರಿದಾಗಿ, ಪರಿಸರ ಉಳಿಸಲು ದಿನಕ್ಕೊಂದು ನೀರಿನ ಲಾರಿ ಹೊಗೆಯುಗುಳುತ್ತ ಬರತೊಡಗಿತು. ಅದನ್ನೂ ನಾನು ಯೋಜನೆಯ ಯಶಸ್ಸೆಂದೇ ವರದಿಯಲ್ಲಿ ಬರೆದೆ. ನನ್ನ ಮನೆಯ ಬಕೆಟ್ಟಿನ ಕಥೆಯನ್ನು ಕೇಳಬೇಡಿ. ಸಂಚಾಲಕನ ಮನೆಗೇ ಕೆಂಪು ಎಲೆ ಬಂದರೆ ಮುಖವೆಲ್ಲಿಡಲಿ? ಹೆಂಡತಿ ಈ ಕೆಲಸಕ್ಕೆ ಕೈ ಹಾಕುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದ್ದರಿಂದ, ಬೆಳಗಿನ ಆರಕ್ಕೆ ನಾನೇ ಸಿಂಕಿನ ಮುಂದೆ ನಿಂತು ಒಂದೊಂದೇ ಬಾಳೆಹಣ್ಣಿನ ಸಿಪ್ಪೆಯನ್ನು ಒಳಗೂ ಹೊರಗೂ ಸೋಪು ಹಚ್ಚಿ ತೊಳೆಯುತ್ತಿದ್ದೆ. ಒಂದು ದಿನ ಅವಳು ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿ, ‘ಸಿಪ್ಪೆಗೆ ಸ್ನಾನ ಮಾಡಿಸ್ತಿದ್ದೀರಲ್ಲ, ನಿಮ್ಮದಾಯ್ತಾ?’ ಎಂದು ಕೇಳಿದಳು. ಆಗಿರಲಿಲ್ಲ. ನೀರು ಉಳಿದಿರಲಿಲ್ಲ.

ಈ ಮಹಾಯಜ್ಞದಲ್ಲಿ ಪಾಲ್ಗೊಳ್ಳದೆ ಉಳಿದವರು ಒಬ್ಬರೇ, ಮೂರನೇ ಮಹಡಿಯ ಟೈಲರ್ ಅಕ್ಕ. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವ ಅವರಿಗೆ ಕಸ ಅಲಂಕರಿಸಲು ಪುರುಸೊತ್ತಿರಲಿಲ್ಲ. ಚಹಾದ ಚರಟ, ಕೊಳೆತ ಟೊಮೆಟೊ, ಮೊಟ್ಟೆಯ ಚಿಪ್ಪು, ಕಪ್ಪಾದ ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ಹುಟ್ಟಿದ ರೂಪದಲ್ಲಿಯೇ ಬರುತ್ತಿದ್ದವು. ವಿಂಗಡಣೆಗೆ ಮೂರರಲ್ಲಿ ಒಂದು ಕೊಟ್ಟು, ಮಿಕ್ಕದ್ದಕ್ಕೆ ಮೂಗು ಮುರಿದು, ಅವರಿಗೆ ಅರವತ್ತೊಂದು ದಿನ ಕೆಂಪು ಎಲೆ ಅಂಟಿಸಿದೆ. ಫಲಕದಲ್ಲಿ ಅವರ ಮನೆಯ ಸಾಲು ಮಾತ್ರ ಒಣಗಿದ ಕಾಡಿನಂತೆ ಕಾಣುತ್ತಿತ್ತು. ‘ಸ್ವಲ್ಪ ಗಮನ ಕೊಡಿ, ಅಕ್ಕ, ನಿಮ್ಮಿಂದ ಇಡೀ ಮಹಡಿಯ ಸರಾಸರಿ ಬೀಳ್ತಿದೆ’ ಎಂದು ನಾನು ಒಮ್ಮೆ ಮೆಟ್ಟಿಲಲ್ಲಿ ಬುದ್ಧಿ ಹೇಳಿದಾಗ, ಅವರು ಬಾಯಲ್ಲಿದ್ದ ಸೂಜಿ ತೆಗೆದು, ‘ಕಸದಲ್ಲಿ ಪಾಸಾಗಿ ನಾನೇನ್ ಮಾಡ್ಲಿ ಸಾರ್? ನಿಮ್ಮ ಪ್ಯಾಂಟು ರೆಡಿ ಇದೆ, ತಗೊಂಡು ಹೋಗಿ’ ಎಂದರು.

ಹೀಗೆ ಮೂರು ತಿಂಗಳು ಕಳೆದು ಕೊನೆಯ ಭಾನುವಾರ ಬಂತು. ತೊಟ್ಟಿಯ ಸುತ್ತ ಇಪ್ಪತ್ನಾಲ್ಕು ಮನೆಯವರೂ ನೆರೆದರು. ಸಾಹೇಬರು ಒರೆಸುವ ಕಾರನ್ನು ಸೀಬೆ ಮರದ ಬುಡದವರೆಗೂ ತಂದು ನಿಲ್ಲಿಸಿ, ಮಗ್ಗುಲಲ್ಲಿ ಟೈಲ್ಸ್ ಹಾಕುವವನನ್ನೂ ಟೇಪು ಸಮೇತ ನಿಲ್ಲಿಸಿಕೊಂಡಿದ್ದರು. ಅವನು ತುಂಬ ಕರ್ತವ್ಯನಿಷ್ಠ ಮನುಷ್ಯ, ಐದು ನಿಮಿಷಕ್ಕೊಮ್ಮೆ ‘ಅಳತೆ ಬರ್ಕೊಂಡ್ಬಿಡ್ಲಾ ಸಾರ್?’ ಎಂದು ಕೇಳುತ್ತಿದ್ದ. ನಾನು ತಗಡಿನ ಮುಚ್ಚಳ ಸರಿಸಿದೆ.

ಒಳಗಿನಿಂದ ಬಂದದ್ದು ಹೊಸದಾಗಿ ತೊಳೆದ ಬಚ್ಚಲಿನ ಘಮ. ಮೂರು ತಿಂಗಳ ಸಿಪ್ಪೆಗಳು ಪದರಪದರವಾಗಿ, ಹಾಕಿದ ದಿನ ಹೇಗಿದ್ದವೋ ಹೆಚ್ಚುಕಡಿಮೆ ಹಾಗೆಯೇ, ಹೊಳೆಯುತ್ತ ಮಲಗಿದ್ದವು. ಪಾಪ, ಅವು ಕೊಳೆಯುವುದನ್ನೇ ಮರೆತಿದ್ದವು. ಹಲ್ಲಿನ ಡಾಕ್ಟರು ಬಗ್ಗಿ ನೋಡಿ ತಮ್ಮ ಆಲೂಗಡ್ಡೆ ಸಿಪ್ಪೆಗಳನ್ನು ಗುರುತು ಹಿಡಿದು ಹೆಮ್ಮೆಯಿಂದ ಮಗಳಿಗೆ ತೋರಿಸಿದರು. ಗೊಬ್ಬರವಿರಲಿಲ್ಲ. ತಾವಂತೂ ಇರಲೇ ಇಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡರು. ಟೈಲ್ಸಿನವನು ಟೇಪಿನ ಒಂದು ತುದಿಯನ್ನು ಸೀಬೆ ಮರದ ಬುಡಕ್ಕೆ ಹಿಡಿದು, ಇನ್ನೊಂದು ತುದಿ ಹಿಡಿಯಿರೆಂದು ನನ್ನ ಕೈಗೇ ಕೊಟ್ಟ. ನಾನು ಹಿಡಿದುಕೊಂಡೆ. ನನ್ನ ಹದಿನಾಲ್ಕು ಹೆಜ್ಜೆ ನೆಲದ ಅಳತೆಯನ್ನು ನಾನೇ ಕೂಗಿ ಹೇಳುತ್ತ ನಿಂತ ಆ ಗಳಿಗೆಯನ್ನು ತಮ್ಮ ಶತ್ರುಗಳಿಗೂ ಬಯಸಲಾರೆ. ತಮ್ಮ ಶತ್ರು ಸದ್ಯಕ್ಕೆ ನಾನೇ ಎಂಬುದು ಆಗಿನ್ನೂ ನನಗೆ ತಿಳಿದಿರಲಿಲ್ಲ.

ಆಗ ಗುಡಿಸುವ ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ‘ಅಲ್ಲ ಸಾರ್, ಹುಳ ಹುಡುಕ್ತಿದ್ದೀರಾ? ಅವು ಪಂಪ್ ರೂಮಿನ ಹಿಂದೆ ಇದಾವಲ್ಲ’ ಎಂದರು. ಟೇಪು ನನ್ನ ಕೈಯಿಂದ ಜಾರಿ ಸರ್ರನೆ ಟೈಲ್ಸಿನವನ ಕೈಯ ಡಬ್ಬಿಯೊಳಗೆ ಸುತ್ತಿಕೊಂಡಿತು. ಅಕ್ಕ ಮುಂದುವರಿಸಿದರು: ‘ನೀವು ಫೇಲ್ ಮಾಡಿದ ಬಕೆಟ್ಟನ್ನ ದಿನಾ ಬೀದಿ ಡಬ್ಬದವರೆಗೂ ಯಾರು ಹೊರ್ತಾರೆ ಸಾರ್? ಇಲ್ಲೇ ಹಿಂದೆ ಮಣ್ಣಿಗೆ ಸುರೀತಿದ್ದೆ, ಮೇಲೊಂದು ಬುಟ್ಟಿ ತರಗೆಲೆ ಹಾಕ್ತಿದ್ದೆ. ನಿಮ್ ತೊಟ್ಟಿ ಕಿಂಡಿಯಿಂದ ಸಾಲಾಗಿ ಹೊರಟಿದ್ದನ್ನ ನಾನೇ ನೋಡ್ದೆ. ಹೇಳೋಣ ಅಂತಿದ್ದೆ. ನೀವು ಬಕೆಟ್ ಮೂಸೋವಾಗ ಮಾತಾಡಿಸ್ಬಾರ್ದು ಅಂತ ನೋಟೀಸ್ ಹಾಕಿದ್ರಲ್ಲ.’

ಎಲ್ಲರೂ ಪಂಪ್ ರೂಮಿನ ಹಿಂದಕ್ಕೆ ಓಡಿದೆವು. ಅಲ್ಲಿ, ನಾನು ಇಷ್ಟು ದಿನ ಬರೀ ತರಗೆಲೆಯ ರಾಶಿಯೆಂದುಕೊಂಡಿದ್ದ ಮೂಲೆಯಲ್ಲಿ, ಟೈಲರ್ ಅಕ್ಕನ ಅರವತ್ತೊಂದು ದಿನಗಳ ಕೆಂಪು ಎಲೆಗಳು ಮೊಣಕಾಲೆತ್ತರದ ಕರೀ ಗುಡ್ಡೆಯಾಗಿ ಕುಳಿತಿದ್ದವು. ಚಹಾಪುಡಿಯಂತೆ ಉದುರುದುರಾದ, ಮೊದಲ ಮಳೆಯ ವಾಸನೆಯ ಗೊಬ್ಬರ. ನನ್ನ ಮೂಗು ಅದಕ್ಕೆ ತಾನಾಗಿಯೇ ನಾಲ್ಕಕ್ಕೆ ನಾಲ್ಕು ಕೊಟ್ಟಿತು. ಟೈಲರ್ ಅಕ್ಕ ಗುಡ್ಡೆಯನ್ನೂ ನನ್ನನ್ನೂ ಒಮ್ಮೆ ನೋಡಿ, ‘ಸರಾಸರಿ ಏನಾದ್ರೂ ಮೇಲೆ ಬಂತಾ ಸಾರ್?’ ಎಂದರು. ಅವರ ಎದುರಿಗೆ ನಾನು ಕೈಮುಗಿದೆ. ಅದು ನಾಟಕಕ್ಕಲ್ಲ.

ಆದರೆ ಸಾಹೇಬರು ಅಷ್ಟಕ್ಕೆಲ್ಲ ಸೋಲುವವರಲ್ಲ. ‘ಗೊಬ್ಬರ ಸರಿ, ಹುಳ ಎಲ್ಲಿ? ಷರತ್ತು ಷರತ್ತೇ. ಕೈಯಲ್ಲಿ ಹಿಡಿದು ತೋರಿಸ್ಬೇಕು’ ಎಂದು ಪಟ್ಟು ಹಿಡಿದರು. ಮುಂದಿನದನ್ನು ನಮ್ಮ ಸಂಘದ ದಾಖಲೆ ಪುಸ್ತಕದಲ್ಲಿ ನಾನು ಬರೆದಿರುವ ಮಾತುಗಳಲ್ಲಿಯೇ ಹೇಳುತ್ತೇನೆ: ‘ತಕ್ಷಣವೇ ಹಸಿರು ಸಮಿತಿಯ ಪರವಾಗಿ ಗುಡ್ಡೆಯೊಳಗೆ ಮೊಣಕೈವರೆಗೆ ಕೈ ಹಾಕಲಾಯಿತು, ಒಂದು ಹಿಡಿ ಜೀವಂತ ಎರೆಹುಳುಗಳನ್ನು ಹೊರತೆಗೆಯಲಾಯಿತು, ಅವುಗಳನ್ನು ಸಾಹೇಬರ ಮೂಗಿನ ಹತ್ತಿರಕ್ಕೆ ಒಯ್ದು ಪ್ರದರ್ಶಿಸಲಾಯಿತು.’ ಸಾಹೇಬರು ನಾಲ್ಕು ಹೆಜ್ಜೆ ಹಿಂದೆ ಸರಿದರು, ಟೈಲ್ಸಿನವನು ಟೇಪನ್ನು ಜೇಬಿಗಿಳಿಸಿದ, ಸಭೆ ಚಪ್ಪಾಳೆ ತಟ್ಟಿತು. ಹಿಂಬದಿಯ ನೆಲ ನೆಲವಾಗಿಯೇ ಉಳಿಯತಕ್ಕದ್ದೆಂದು ಅಲ್ಲೇ ನಿರ್ಣಯವಾಯಿತು. ಆ ಸೋಮವಾರ ಗುಡಿಸುವ ಅಕ್ಕ ಎಂದಿನಂತೆ ಸೀಬೆ ಮರದ ಕೆಳಗೆ ಊಟದ ಡಬ್ಬಿ ಬಿಚ್ಚಿದರು. ತಮ್ಮಲ್ಲಿ ಹಲವರನ್ನು ಒಟ್ಟಿಗೆ ಹಿಡಿದ ಆ ಕೈಯ ಚಿತ್ರ ಈಗ ಲಿಫ್ಟಿನ ಪಕ್ಕದ ಫಲಕದಲ್ಲಿ, ಹಳೆಯ ಎಲೆಗಳನ್ನೆಲ್ಲ ಕಿತ್ತ ಜಾಗದಲ್ಲಿ, ‘ಸಂಚಾಲಕರ ಮಣ್ಣಿನ ನಂಟು’ ಎಂಬ ಶೀರ್ಷಿಕೆಯಡಿ ರಾರಾಜಿಸುತ್ತಿದೆ. ಪಕ್ಕದ ಮೂರು ಕಟ್ಟಡಗಳವರು ಬಂದು ನೋಡಿ, ನನ್ನನ್ನು ಉಪನ್ಯಾಸಕ್ಕೆ ಕರೆದಿದ್ದಾರೆ. ನಾನು ಒಪ್ಪಿಕೊಂಡಿದ್ದೇನೆ. ವಿಷಯ: ‘ಎರೆಹುಳುಗಳೊಡನೆ ನನ್ನ ಒಡನಾಟ.’

ಆದ್ದರಿಂದ ಮಾನ್ಯರೇ, ನಡೆದದ್ದನ್ನು ಮರೆತು, ಹಸಿರು ಸಮಿತಿಯ ಈ ಕೆಳಕಂಡ ಕೋರಿಕೆಗಳನ್ನು ತಾವು ಪರಿಶೀಲಿಸಬೇಕು. ತಮ್ಮ ಹೆಸರಿನ ಬೋರ್ಡು ಇನ್ನೂ ತೊಟ್ಟಿಯ ಮೇಲೆಯೇ ಇರುವುದರಿಂದ, ಪಕ್ಕದ ಕಟ್ಟಡದವರು ನೋಡಲು ಬರುವ ದಿನಗಳಲ್ಲಿಯಾದರೂ ತಾವು ಅಲ್ಲಿ ಹೋಗಿ ಒಂದರ್ಧ ಗಂಟೆ ಕುಳಿತುಕೊಳ್ಳಬೇಕು. ನನ್ನ ವರದಿಯ ಗೌರವ ಉಳಿಯುವಂತೆ, ಆದಷ್ಟು ಬೇಗ ಸರಿಯಾಗಿ ಎರಡು ಸಾವಿರವಾಗಿ, ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಚುನಾವಣೆಯಲ್ಲಿ ತಮ್ಮಲ್ಲೊಬ್ಬರು ಸಂಘದ ಅಧ್ಯಕ್ಷಗಿರಿಗೆ ನಿಲ್ಲಬೇಕು. ತಲೆ ಯಾವುದು, ಬಾಲ ಯಾವುದು ಎಂದು ತಿಳಿಯದ ಅಭ್ಯರ್ಥಿ ನಮಗೆ ಹೊಸಬರೇನಲ್ಲ, ಆದರೆ ಎರಡೂ ಕಡೆಯಿಂದ ಕೆಲಸ ಮಾಡುವವರು ಇದೇ ಮೊದಲು. ಸಾಧ್ಯವಾದರೆ ಸಾಹೇಬರ ಎರಡನೇ ಕಾರನ್ನೂ ಎಲೆಗಳಡಿ ಮುಚ್ಚಿ ಮೂರು ತಿಂಗಳಲ್ಲಿ ಗೊಬ್ಬರ ಮಾಡಿಕೊಡಬೇಕು, ಅದಕ್ಕೆ ಅವಸರವಿಲ್ಲ. ಮತ್ತು ಕೊನೆಯದಾಗಿ, ಸೋಪಿನ ವಿಚಾರವನ್ನು ತಾವು ಮೊದಲ ವಾರವೇ ನನಗೆ ಏಕೆ ತಿಳಿಸಲಿಲ್ಲವೆಂದು ಸಮಜಾಯಿಷಿ ಕೊಡಬೇಕು. ನನಗೆ ಯಾರೂ ಏನನ್ನೂ ಹೇಳುವುದಿಲ್ಲ. ಹೇಳಬಾರದೆಂಬ ನೋಟೀಸು ತಮ್ಮ ತೊಟ್ಟಿಗೆ ಅಂಟಿಸಿರಲಿಲ್ಲವಲ್ಲ.

ಅಂಕ ಕೊಡುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಕಸವನ್ನು ತೊಳೆಯುವವರಿಗೆ ಇನ್ನು ಮುಂದೆ ಎಚ್ಚರಿಕೆ ಪತ್ರ ಹೋಗುತ್ತದೆ, ಮೊದಲನೆಯದು ನನ್ನ ಮನೆಗೇ ಬಂದಿದೆ. ಬ್ಯಾಂಕಿನ ಅತ್ತೆಯವರು ಮಾತ್ರ ತಮ್ಮ ಹತ್ತಕ್ಕೆ ಹತ್ತರ ಹಸಿರು ಎಲೆಯನ್ನು ವಾಪಸು ಕೊಡದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ತಮ್ಮ ಮಣ್ಣು ಸದಾ ತಂಪಾಗಿರಲೆಂದು ಹಾರೈಸುತ್ತ, ಸೋಪಿನ ಕೈಗಳನ್ನು ಜೋಡಿಸಿ,

ತಮ್ಮ ವಿಶ್ವಾಸಿ,
ಸಂಚಾಲಕ, ಹಸಿರು ಸಮಿತಿ
(ನಾಲ್ಕನೇ ಮಹಡಿ, ಲಿಫ್ಟಿನ ಎದುರು)

ಮರೆತೇನೆಂದರೂ ಮರೆಯಲಾಗದ್ದು: ದಾಖಲೆ ಪುಸ್ತಕದಲ್ಲಿ ‘ಹಾಕಲಾಯಿತು’, ‘ತೆಗೆಯಲಾಯಿತು’ ಎಂದು ಬರೆದಿರುವೆನಲ್ಲ, ಯಾರಿಂದ ಎಂಬುದನ್ನು ಪುಸ್ತಕ ನೋಡಿದವರು ಕೇಳಿಲ್ಲ, ಆದರೆ ತಾವು ಅಲ್ಲೇ ಇದ್ದವರು. ನಾನು ಗುಡ್ಡೆಯ ಕಡೆಗೆ ಕೈ ಚಾಚಿದ್ದು ನಿಜ. ಅಷ್ಟರಲ್ಲಿ ತಮ್ಮಲ್ಲೊಬ್ಬರು ಮಣ್ಣಿನಿಂದ ಅರ್ಧ ಮೇಲೆದ್ದು ನನ್ನತ್ತ ತಿರುಗಿದರು. ಆಮೇಲೆ ನನಗೆ ನೆನಪಿರುವುದು, ನಾನು ಸಾಹೇಬರ ಒರೆಸುವ ಕಾರಿನ ಬಾನೆಟ್ಟಿನ ಮೇಲೆ ಎರಡೂ ಕಾಲು ಮಡಿಚಿ ಕುಳಿತಿದ್ದದ್ದು, ಅದು ನನ್ನ ಭಾರಕ್ಕೆ ತಟ್ಟೆಯಂತೆ ತಗ್ಗಾಗಿದ್ದದ್ದು, ಕೆಳಗೆ ನನ್ನ ಹೆಂಡತಿ ತೋಳು ಮಡಿಚಿ ಗುಡ್ಡೆಯೊಳಗೆ ಕೈ ಹಾಕುತ್ತ, ‘ಇಳೀರಿ ಕೆಳಗೆ, ಅದಕ್ಕೆ ಹಲ್ಲಿಲ್ಲ’ ಎಂದದ್ದು. ಹಲ್ಲಿನ ಡಾಕ್ಟರು ಬಗ್ಗಿ ನೋಡಿ ಹೌದೆಂದು ದೃಢಪಡಿಸಿದರು. ನಾನು ಆದರೂ ಇಳಿಯಲಿಲ್ಲ. ಫಲಕದ ಚಿತ್ರದಲ್ಲಿರುವ ಕೈ ಅವಳದು, ಬಳೆ ಕಾಣದಂತೆ ಕತ್ತರಿಸಿ ಅಂಟಿಸಿದವನು ನಾನು. ಮೂರು ತಿಂಗಳಲ್ಲಿ ತಮ್ಮನ್ನು ನಾನು ಒಮ್ಮೆಯೂ ಮುಟ್ಟಿಲ್ಲ; ಆಟೋದಲ್ಲಿ ಮುಂದೆ ಕುಳಿತದ್ದೂ ತಮ್ಮ ಮೇಲಿನ ಗೌರವದಿಂದಲ್ಲ. ಈ ಪತ್ರವನ್ನು ತಮ್ಮ ಗುಡ್ಡೆಯ ಮೇಲಿಟ್ಟು ಬರಲು ಅವಳನ್ನೇ ಕಳಿಸುತ್ತಿದ್ದೇನೆ. ಉತ್ತರ ಕೊಡುವುದಿದ್ದರೆ ದಯವಿಟ್ಟು ಅಂಚೆಯಲ್ಲಿ ಕಳಿಸಿ. ಖುದ್ದಾಗಿ ಬರಬೇಡಿ.